ಬಲಗಾಲಿನ ಕಿರ್ ಸದ್ದು

ಕಿರಿಕಿರಿ ಡಾಕ್ಟರನಿಗೆ ಮೊದಲು ಕೈಕೊಟ್ಟಿದ್ದು ಒಂದು ಗುಬ್ಬಚ್ಚಿ. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅದು ಅಂಗಡಿಯ ಕಿಟಕಿ ಸರಳಿನ ಮೇಲೆ ಕೂತು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲು ಉಬ್ಬುತ್ತಿತ್ತು, ಬಾಲ ಕುಣಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಪಾಪ, ಹಕ್ಕಿಗೂ ಗಂಟಲು ಕಟ್ಟುತ್ತದೇನೋ ಎಂದುಕೊಂಡು ಅವನು ಒಂದು ಡಬ್ಬಿಯ ಮುಚ್ಚಳದಲ್ಲಿ ನೀರು ತಂದ. ಅಷ್ಟರಲ್ಲಿ ಪಕ್ಕದಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಹೆಂಡತಿ ತಲೆಯೆತ್ತಿ, "ಆ ಗುಬ್ಬಿನ ಓಡಿಸ್ರೀ, ಬೆಳಗಿಂದ ಚಿಂವ್ ಚಿಂವ್ ಅಂತ ತಲೆ ತಿಂತಿದೆ" ಎಂದಳು. ಡಾಕ್ಟರನ ಕೈಯಲ್ಲಿದ್ದ ಮುಚ್ಚಳ ಅಲುಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಬೇರೆ ಯಾರಾದರೂ ಆಗಿದ್ದರೆ, ಐವತ್ತಾರು ದಾಟಿದೆ, ಇಷ್ಟಾದರೂ ಕೇಳುತ್ತಿದೆಯಲ್ಲ ಎಂದು ಸುಮ್ಮನಾಗುತ್ತಿದ್ದರು. ಅವನಿಗೆ ಹಾಗಾಗುವಂತಿರಲಿಲ್ಲ. ಅವನ ಅನ್ನ ಇದ್ದದ್ದೇ ಕಿವಿಯಲ್ಲಿ.

ಊರವರು ಕಿರಿಕಿರಿ ಡಾಕ್ಟರ್ ಎಂದ ಮಾತ್ರಕ್ಕೆ ಯಾರೂ ಸ್ಟೆತಾಸ್ಕೋಪ್ ಹುಡುಕುವುದು ಬೇಡ. ಓದಿದ್ದು ಹತ್ತನೇ ತರಗತಿ, ಅದೂ ಎರಡನೇ ಏಟಿಗೆ. ಮನೆಯ ಮುಂದಿನ ಕೋಣೆಯಲ್ಲಿ ಅರ್ಧ ಹೆಂಡತಿಯ ಹೊಲಿಗೆಗೆ, ಅರ್ಧ ಇವನ ರಿಪೇರಿಗೆ. ಗಾಲಿ ಬೆಂಡಾಗಿದೆ, ಚೈನು ತುಂಡಾಗಿದೆ ಎಂದು ಬಂದವರನ್ನು ಎದುರು ಸಾಲಿನ ಸೈಕಲ್ ಶಾಪಿಗೆ ಅಟ್ಟುತ್ತಿದ್ದ. ಅವನು ಮುಟ್ಟುತ್ತಿದ್ದುದು ಸೈಕಲ್ ತುಳಿಯುವವರ ಶೂಗಳನ್ನು ಮಾತ್ರ, ಅದರಲ್ಲೂ ಯಾರೂ ಲೆಕ್ಕಕ್ಕೆ ಇಡದ ಸಣ್ಣಪುಟ್ಟ ತೊಂದರೆಗಳನ್ನು. ಪಟ್ಟಿ ಅಂಟುತ್ತಿಲ್ಲವೇ? ಅದರ ಮುಳ್ಳುಗಳ ನಡುವೆ ಸೇರಿದ ದಾರ, ಕೂದಲನ್ನು ಹಳೇ ಬಾಚಣಿಗೆಯಿಂದ ಕೆರೆದು ತೆಗೆದು ಮತ್ತೆ ಅಂಟುವ ಹಾಗೆ ಮಾಡುತ್ತಿದ್ದ. ಒಳಗಿನ ಮೆತ್ತೆ ಜಾರುತ್ತಿದೆಯೇ? ಎರಡು ಬದಿ ಅಂಟುವ ಟೇಪಿನ ಒಂದು ಬೆರಳಗಲ ತುಂಡು ಸಾಕು. ಹತ್ತು ಮೈಲಿ ತುಳಿದರೆ ಬೆರಳು ಜೋಮು ಹಿಡಿಯುತ್ತದೆಯೇ? ಅಡಿಯ ಕ್ಲೀಟನ್ನು ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಸಿ ಕಳಿಸುತ್ತಿದ್ದ. ಅವರು ವಾರ ಬಿಟ್ಟು ಬಂದು, ಇಷ್ಟು ವರ್ಷ ಸುಮ್ಮನೆ ನರಳಿದೆನಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಕ್ಲೀಟ್ ಎಂದರೆ ಶೂವಿನ ಅಂಗಾಲಿಗೆ ಮೂರು ಸ್ಕ್ರೂಗಳಿಂದ ಬಿಗಿಯುವ ಅಂಗೈ ಗಾತ್ರದ ಪ್ಲಾಸ್ಟಿಕ್ ತುಂಡು. ಪೆಡಲ್ ಅದನ್ನು ಟಕ್ ಎಂದು ಕಚ್ಚಿ ಹಿಡಿಯುತ್ತದೆ. ಹಿಡಿದ ಮೇಲೆ ಕಾಲು ಮೇಲೆತ್ತಿದರೂ ಬರುವುದಿಲ್ಲ, ಎಳೆದರೂ ಬರುವುದಿಲ್ಲ. ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಕಲಿತವರಿಗೆ ಇದು ಬಾಗಿಲ ಚಿಲಕ ತೆಗೆದಷ್ಟೇ ಸಲೀಸು, ಹೊಸಬರಿಗೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಸೈಕಲ್ ನಿಂತಿದೆ, ಕಾಲು ಬರಲೊಲ್ಲದು, ಎರಡೂ ಪಾದ ಕಟ್ಟಿಹಾಕಿಕೊಂಡೇ ದೊಪ್ಪೆಂದು ಬೀಳಬೇಕು.

ಈ ಕ್ಲೀಟು ಕೆಲವರ ಶೂನಲ್ಲಿ ಕಿರ್ ಎನ್ನುತ್ತದೆ. ತುಳಿದಾಗಲೆಲ್ಲ ಕಿರ್, ಮೈಲಿಗೆ ಐನೂರು ಸಲ. ಕೇಳಿ ಕೇಳಿ ಮನುಷ್ಯ ಅರೆಹುಚ್ಚನಾಗಿ ಡಾಕ್ಟರನ ಬಾಗಿಲಿಗೆ ಬರುತ್ತಿದ್ದ. ಕೆಲಸದ ಬೆಂಚಿನ ಇಕ್ಕಳದಲ್ಲಿ ಒಂದು ಪೆಡಲ್ ಸದಾ ಸಿಕ್ಕಿಸಿರುತ್ತಿತ್ತು. ಶೂವನ್ನು ಡಾಕ್ಟರ ಅದಕ್ಕೆ ಕಚ್ಚಿಸಿ, ಕಣ್ಣು ಮುಚ್ಚಿ, ಕಿವಿ ಹತ್ತಿರ ತಂದು ಅತ್ತಿತ್ತ ತಿರುಗಿಸುತ್ತಿದ್ದ. ಒಣ ಕಿರ್ ಆದರೆ ಕ್ಲೀಟಿನ ಅಡಿಗೆ ಮರಳು ಸೇರಿದೆ. ಎಳೆದ ಕಿರ್ ಆದರೆ ಒಂದು ಸ್ಕ್ರೂ ಸಡಿಲ. ಕಿರ್ ಜೊತೆಗೆ ಸಣ್ಣ ಟಿಕ್ ಸೇರಿದರೆ ಒಳಗಿನ ನಟ್ಟಿನ ಥ್ರೆಡ್ ಸವೆದಿದೆ, ಶೂ ಬದಲಿಸುವುದೇ ವಾಸಿ. ಬಿಚ್ಚದೆಯೇ ಹೇಳುತ್ತಿದ್ದ, ಬಿಚ್ಚಿದಾಗ ಅದೇ ಇರುತ್ತಿತ್ತು. ಎಲ್ಲ ಒರೆಸಿ, ಒಣಗಿಸಿ, ಮೂರೂ ಸ್ಕ್ರೂ ಬಿಗಿದು, ಮತ್ತೆ ಕಣ್ಣು ಮುಚ್ಚಿ ಕೇಳಿ, ಸದ್ದು ಸತ್ತಿದೆ ಎಂದು ಖಾತ್ರಿಯಾದ ಮೇಲೇ ಕೊಡುತ್ತಿದ್ದ. ಇಪ್ಪತ್ತೆರಡು ವರ್ಷ ಅವನ ಕಿವಿಯ ಮೇಲೆ ಯಾರೂ ಒಂದು ಮಾತೆತ್ತಿರಲಿಲ್ಲ.

ಗುಬ್ಬಚ್ಚಿಯ ಬೆಳಿಗ್ಗೆಯ ನಂತರ ಆ ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋದವು. ಟಕ್ ಕೇಳಿಸುತ್ತಿತ್ತು. ಹೆಂಡತಿಯ ಮೆಷಿನ್ನಿನ ಗರಗರ, ಬೀದಿಯ ಲಾರಿ, ಬಾಗಿಲು ಬಡಿಯುವುದು, ಎಲ್ಲ ಕೇಳಿಸುತ್ತಿತ್ತು. ಸಣ್ಣಗೆ, ತೆಳ್ಳಗೆ ಇರುವುದೆಲ್ಲ ಇಲ್ಲ. ಮಾತಿನಲ್ಲಿ ಸ ಹೋಯಿತು, ಚ ಹೋಯಿತು. ಜನ ಬಾಯಿತುಂಬ ಹತ್ತಿ ತುಂಬಿಕೊಂಡು ಮಾತಾಡುವ ಹಾಗೆ ಕಂಡರು. ಅವರ ತುಟಿ ನೋಡುತ್ತಾ, ಹೂಂ ಹೂಂ ಎನ್ನುತ್ತಾ, ನಗುವ ಜಾಗದಲ್ಲಿ ಅವರ ಜೊತೆಗೇ ನಗುತ್ತಾ ಅವನು ದಿನ ದೂಡಿದ. ಕಿವಿ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲಿನವರೆಗೆ ಎರಡು ಸಲ ಹೋಗಿ, ಮೂರನೇ ಮೆಟ್ಟಿಲಲ್ಲಿ ಯಾರೋ ಪರಿಚಯದವರು ಇಳಿದು ಬರುತ್ತಿದ್ದಾರೆ ಎಂದು ಹಿಂದಿರುಗಿದ್ದ. ಯಾರೂ ಇಳಿದು ಬರುತ್ತಿರಲಿಲ್ಲ.

ಅವನು ಹೆದರಿದ್ದು ಕಿವುಡಿಗಲ್ಲ, ಕಿವುಡರಿಗೆ ಜನ ಹೇಳುವ ಒಂದು ಮಾತಿಗೆ. ಅವನ ಅಪ್ಪ ಗಡಿಯಾರ ರಿಪೇರಿಯವರು. ಅರವತ್ತಕ್ಕೆ ಅವರ ಕಿವಿ ಪೂರ್ತಿ ಹೋಯಿತು. ಊಟಕ್ಕೆ ಕೂತಾಗ ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರೆ ಅಪ್ಪ ತಟ್ಟೆಯಿಂದ ಮುಖವೆತ್ತಿ, "ಏನಂತೆ? ಏನಂತೆ?" ಎನ್ನುತ್ತಿದ್ದರು. ನಗುತ್ತಿದ್ದವರಲ್ಲಿ ಯಾರೋ ಒಬ್ಬರು ಕೈಯಾಡಿಸಿ, "ಏನಿಲ್ಲ ಬಿಡಿ" ಎನ್ನುತ್ತಿದ್ದರು. ಆ ಯಾರೋ ಒಬ್ಬರು ಎಷ್ಟೋ ಸಲ ಇವನೇ. ಕೊನೆಯ ಆರು ವರ್ಷ ಅಪ್ಪ ಏನಂತೆ ಎಂದು ಕೇಳುವುದನ್ನೂ ಬಿಟ್ಟು ಗೋಡೆ ನೋಡಿಕೊಂಡು ಊಟ ಮಾಡಿದರು. ಈಗ ತನ್ನ ತಟ್ಟೆ ಎದುರಿಗೆ ಕೂತಾಗಲೆಲ್ಲ ಡಾಕ್ಟರನಿಗೆ ಆ ಗೋಡೆ ಕಾಣುತ್ತಿತ್ತು.

ಹೀಗಿರುವಾಗ ಟೀಚರಮ್ಮ ಬಂದರು.

ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು, ನಲವತ್ತೈದರ ಆಸುಪಾಸು. ಮಂಡಿನೋವಿಗೆ ಸೈಕಲ್ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಶುರುಮಾಡಿ, ಆಮೇಲೆ ಅದರ ರುಚಿ ಹತ್ತಿ, ಈಗ ಶಾಲೆಗೆ ಹೋಗಿಬರುವುದೂ ಅದರಲ್ಲೇ. ಕ್ಲೀಟಿನ ಶೂ ತಗೊಳ್ಳಲು ಆರು ತಿಂಗಳು ಹಿಂದೆಮುಂದೆ ನೋಡಿದ್ದರು. ಅವರಿಗೆ ಧೈರ್ಯ ತುಂಬಿದವನು ಈ ಡಾಕ್ಟರನೇ.

"ಶಾಲೆ ಇಳಿಜಾರು ಮುಗಿಯೋ ಕಡೆ ಆ ಸಿಗ್ನಲ್ ಇದೆಯಲ್ಲ, ಅಲ್ಲಿ ಜಲ್ಲಿಕಲ್ಲಿನ ಲಾರಿಗಳು ಮೈಗೆ ಉಜ್ಜಿಕೊಂಡೇ ನಿಲ್ತಾವೆ" ಎಂದಿದ್ದರು ಟೀಚರಮ್ಮ. "ಅಲ್ಲಿ ಕಾಲು ಬರದೇ ಇದ್ರೆ ನನ್ನ ಗತಿ ಏನು?"

"ಬರದೇ ಇದ್ರೆ ನನ್ನ ಕೇಳಿ ಮೇಡಂ. ನಾನು ಹಾಕ್ಕೊಟ್ಟ ಕ್ಲೀಟು ಇವತ್ತಿನವರೆಗೂ ಯಾರ ಕಾಲನ್ನೂ ಹಿಡ್ಕೊಂಡು ಕೂತಿಲ್ಲ."

ಹಾಕಿಕೊಟ್ಟ. ಅಂಗಡಿಯ ಗೋಡೆ ಹಿಡಿಸಿ, ಕಚ್ಚಿಸುವುದು ಬಿಡಿಸುವುದು ನೂರು ಸಲ ಮಾಡಿಸಿದ. ಎಲ್ಲ ಸರಿಯಾಗಿತ್ತು. ಎರಡೇ ವಾರಕ್ಕೆ ಅವರು ತಿರುಗಿ ಬಂದು, "ಬಲಗಾಲು ಕಿರ್ ಅಂತಿದೆ ಡಾಕ್ಟ್ರೇ" ಎಂದರು.

ಶೂವನ್ನು ಡಾಕ್ಟರ ಬೆಂಚಿನ ಪೆಡಲಿಗೆ ಕಚ್ಚಿಸಿ, ಕಣ್ಣು ಮುಚ್ಚಿ ತಿರುಗಿಸಿದ. ಏನೂ ಇಲ್ಲ. ಕೆರೆದ, ಒರೆಸಿದ, ಬಿಗಿದ, ಕೊಟ್ಟ. ನಾಲ್ಕು ದಿನಕ್ಕೆ ಮತ್ತೆ ಬಂದರು. ಮತ್ತೆ ಒರೆಸಿ ಬಿಗಿದ. ಟೀಚರಮ್ಮನ ಕಿವಿ ಸಾಮಾನ್ಯದ್ದಲ್ಲ, ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರೂ ಕೊನೆಯ ಬೆಂಚಿನ ಪಿಸುಮಾತು ಹಿಡಿಯುವ ಕಿವಿ. ಮೂರನೇ ಸಲ ಬಂದವರು ಬೆಂಚಿನ ಪಕ್ಕದಲ್ಲೇ ನಿಂತು, ತಾವೇ ಶೂ ತಿರುಗಿಸಿ, "ಈಗ ಬಂತು ನೋಡಿ, ಕೇಳಿಸ್ತಾ?" ಎಂದರು.

"ಹೂಂ, ಕೇಳಿಸ್ತು" ಎಂದ ಡಾಕ್ಟರ.

"ಎಂಥದ್ದಿದು? ಮರಳಾ, ಸ್ಕ್ರೂನಾ?"

ಯಾವ ಕಿರ್ ಎಂದು ಹೇಳುತ್ತಾನೆ ಪಾಪ? "ಇಲ್ಲೇ ಬಿಟ್ಟುಹೋಗಿ ಮೇಡಂ, ನಾಳಿದ್ದು ಕೊಡ್ತೀನಿ" ಎಂದು ಸಾಗಹಾಕಿದ.

ಅವರು ಹೋದ ಮೇಲೆ ಅವನು ಮಾಡಿದ್ದನ್ನು ಈ ಕೆಲಸ ಗೊತ್ತಿರುವ ಯಾವನೂ ಮಾಡುವುದಿಲ್ಲ, ಕೇಳಿದರೆ ಛೀ ಎನ್ನುತ್ತಾರೆ. ಸ್ಕ್ರೂವಿನ ಥ್ರೆಡ್ಡಿಗೆ ಒಂದು ಹನಿ ಅಂಟು ಹಾಕಬೇಕು, ಕ್ಲೀಟಿಗೂ ಶೂವಿನ ಅಂಗಾಲಿಗೂ ನಡುವಿನ ಜಾಗ ಒಣಗಿ ಖಟಖಟ ಇರಬೇಕು. ಆ ಒಣ ಹಿಡಿತವೇ ಕ್ಲೀಟನ್ನು ಅಲುಗದಂತೆ ಇಡುವುದು. ಡಾಕ್ಟರ ಅಲ್ಲಿ ಗ್ರೀಸ್ ಸವರಿದ. ಸ್ಕ್ರೂವಿಗೂ ಸವರಿದ, ಅಡಿಗೂ ಸವರಿದ, ಎಡಗಾಲನ್ನೂ ಬಿಡಲಿಲ್ಲ. ಗ್ರೀಸ್ ಇದ್ದಲ್ಲಿ ಯಾವ ಕಿರ್ರೂ ಏಳುವುದಿಲ್ಲ. ಕೇಳಿಸದಿದ್ದರೇನಂತೆ, ಸದ್ದೇ ಇಲ್ಲದಂತೆ ಮಾಡಿದರಾಯಿತು. ಮೂರು ವಾರಗಳ ಹಿಂದೆ ಅವನು ಕಂಡುಕೊಂಡಿದ್ದ ಉಪಾಯ ಅದು. ಟೀಚರಮ್ಮನದ್ದಕ್ಕೂ ಮುಂಚೆ ನಾಲ್ಕು ಜೊತೆ ಶೂಗಳಿಗೆ ಹೀಗೇ ಮಾಡಿ ಕಳಿಸಿದ್ದ, ಒಬ್ಬರೂ ಕಿರ್ ಎಂದು ತಿರುಗಿ ಬಂದಿರಲಿಲ್ಲ. ಅವನ ಎದೆಯ ಭಾರ ಎಷ್ಟೋ ಇಳಿದಿತ್ತು.

ಟೀಚರಮ್ಮ ಬುಧವಾರ ಸಂಜೆ ಬಂದು ಶೂ ಒಯ್ದರು. ಗುರುವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಮೀಸೆಯವನು ಬಂದ.

ಮೀಸೆಯವನು ಲ್ಯಾಬಿಗೆ ರಕ್ತದ ಸ್ಯಾಂಪಲ್ ಸಾಗಿಸುವವನು. ಟ್ರಾಫಿಕ್ಕಿನಲ್ಲಿ ಬೈಕಿಗಿಂತ ಮೊದಲು ತಲುಪುತ್ತೇನೆ ಎಂದು ಜಂಬ ಕೊಚ್ಚಿಕೊಂಡು ಸೈಕಲ್ ಮೇಲೇ ಓಡಾಡುತ್ತಿದ್ದ. ಅಂದು ಅವನ ಮೊಣಕೈ ತರಚಿ, ಪ್ಯಾಂಟಿನ ಮಂಡಿ ಹರಿದಿತ್ತು.

"ಆಸ್ಪತ್ರೆ ಗೇಟ್ ಮುಂದೆ ಬಿದ್ದೆ ಡಾಕ್ಟ್ರೇ, ವಾಚ್‌ಮನ್ ಬಿದ್ದೂ ಬಿದ್ದೂ ನಕ್ಕ" ಎಂದು ಅವನು ದೊಡ್ಡ ಗಂಟಲಲ್ಲಿ ಹೇಳಿದ. ಅವನದ್ದು ಪುಣ್ಯಕ್ಕೆ ಯಾರಿಗೂ ಕೇಳಿಸುವ ಗಂಟಲು. "ಬಾಟಲಿ ಒಂದೂ ಒಡೀಲಿಲ್ಲ, ನಾನೇ ಒಡೆದೆ. ಕಾಲು ತಿರುಗಿಸಿದೆ, ತಿರುಗಿಸಿದೆ, ಬರಲೇ ಇಲ್ಲ. ಕೊನೆಗೆ ಸ್ಕ್ರೂಡ್ರೈವರ್ ಹಾಕಿ ಮೀಟಿ ಶೂ ಬಿಡಿಸಿದ್ದು. ಪೆಡಲ್ ಹಾಳಾಗಿದ್ಯಾ ನೋಡಿ."

ಡಾಕ್ಟರ ಅವನ ಶೂ ಇಸಿದುಕೊಂಡು ಬೆಂಚಿನ ಪೆಡಲಿಗೆ ಕಚ್ಚಿಸಿದ. ಟಕ್ ಕೇಳಿಸಿತು. ಹಿಮ್ಮಡಿಯನ್ನು ಹೊರಗೆ ತಿರುಗಿಸಿದ. ಶೂ ತಿರುಗಿತು. ಬಿಡಲಿಲ್ಲ. ಇನ್ನೂ ತಿರುಗಿಸಿದ, ಶೂ ಅಡ್ಡಡ್ಡ ಬಂದರೂ ಪೆಡಲ್ ಕಚ್ಚಿಕೊಂಡೇ ಇತ್ತು. ಬಗ್ಗಿ ನೋಡಿದರೆ ಕ್ಲೀಟು ಪೆಡಲಿನೊಳಗೆ ನೆಟ್ಟಗೆ ಕೂತಿದೆ, ಶೂ ಮಾತ್ರ ಅದರ ಮೇಲೆ ಜಾರಿ ತಿರುಗುತ್ತಿದೆ. ಎರಡರ ನಡುವಿಂದ ಕಪ್ಪಗೆ ಗ್ರೀಸ್ ಒಸರುತ್ತಿತ್ತು. ಸ್ಕ್ರೂಗಳು ಬೆರಳಿಗೇ ಆಡುತ್ತಿದ್ದವು.

ಡಾಕ್ಟರನಿಗೆ ಅರ್ಥವಾಯಿತು. ಪೆಡಲ್ ಹಾಳಾಗಿರಲಿಲ್ಲ, ಮೀಸೆಯವನ ತಪ್ಪೂ ಇರಲಿಲ್ಲ. ಕಾಲು ಬಿಡಿಸಲು ಎಷ್ಟು ತಿರುಗಿಸಿದರೂ ಬಿಡದ ಶೂವನ್ನು ತಾನೇ ತನ್ನ ಕೈಯಾರೆ ತಯಾರು ಮಾಡಿದ್ದ. ಅಂಥವು ಐದು ಜೊತೆ. ಮೀಸೆಯವನು ಗೇಟಿನ ಮುಂದೆ ಬಿದ್ದ, ಬದುಕಿದ. ಡಾಕ್ಟರ ತಲೆಯೆತ್ತಿ ಗಡಿಯಾರ ನೋಡಿದ, ಮೂರೂ ಇಪ್ಪತ್ತೈದು. ಶಾಲೆ ಬಿಡುವುದು ಮೂರೂ ಇಪ್ಪತ್ತಕ್ಕೆ. ಬೆಳಿಗ್ಗೆ ಟೀಚರಮ್ಮ ಏರುದಾರಿಯಲ್ಲಿ ಎಲ್ಲೂ ನಿಲ್ಲದೆ ಹೋಗಿರುತ್ತಾರೆ, ಸ್ಕ್ರೂ ಇನ್ನೂ ಪೂರ್ತಿ ಸಡಿಲಾಗದ್ದರಿಂದ ಶಾಲೆಯ ಗೇಟಿನಲ್ಲಿ ಗೋಡೆ ಹಿಡಿದು ಹೇಗೋ ಇಳಿದಿರುತ್ತಾರೆ. ಈಗ ಇಳಿಜಾರು, ಅದರ ತುದಿಗೆ ಸಿಗ್ನಲ್, ಪಕ್ಕದಲ್ಲಿ ಜಲ್ಲಿಕಲ್ಲಿನ ಲಾರಿ.

"ಯಾಕ್ರೀ, ಮುಖ ಬಿಳಚಿಕೊಂಡಿದೆ?" ಎಂದ ಮೀಸೆಯವನು.

ಡಾಕ್ಟರ ಫೋನ್ ತೆಗೆದು ಟೀಚರಮ್ಮನ ನಂಬರ್ ಒತ್ತಿದ. ರಿಂಗಾಯಿತು. ಯಾರೋ ಎತ್ತಿದರು. "ಮೇಡಂ, ನಾನು. ಸೈಕಲ್ ಹತ್ತಬೇಡಿ, ದಯವಿಟ್ಟು ಹತ್ತಬೇಡಿ" ಎಂದ. ಆ ಕಡೆಯಿಂದ ಆ, ಓ, ಅ ಎಂದು ಏನೋ ಬಂತು. ಉದ್ದದ ಮಾತು. ಒಂದೇ ಒಂದು ಪದ ಹಿಡಿಯಲು ಆಗಲಿಲ್ಲ. ಅದು ಟೀಚರಮ್ಮನೋ, ಬೇರೆ ಯಾರೋ, ಗಂಡಸೋ ಹೆಂಗಸೋ, ಆಯಿತು ಎಂದರೋ ಹೋಯಿತು ಎಂದರೋ ತಿಳಿಯಲಿಲ್ಲ. ಏಳು ತಿಂಗಳು ಫೋನಿನಲ್ಲಿ ಏನು ಬಂದರೂ "ಹೂಂ ಹೂಂ, ಅಂಗಡಿಗೇ ಬನ್ನಿ" ಎಂದು ಜಾರಿಕೊಂಡಿದ್ದ. ಇವತ್ತು ಹೂಂ ಎನ್ನಲು ಬಾಯಿ ಬರಲಿಲ್ಲ.

ಮೂರು ಹೆಜ್ಜೆ ಆಚೆ ಹೆಂಡತಿ ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಆ ಮೂರು ಹೆಜ್ಜೆ ನಡೆಯುವಾಗ ಡಾಕ್ಟರನಿಗೆ ಅಪ್ಪನ ತಟ್ಟೆ ಕಂಡಿತು, ಗೋಡೆ ಕಂಡಿತು. ಮೀಸೆಯವನು ನೋಡುತ್ತಾ ನಿಂತಿದ್ದಾನೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಿಲ್ಲಬೇಕು ಎನ್ನಿಸಿತು, ಆದರೂ ಕಾಲು ನಡೆಯಿತು. ಫೋನನ್ನು ಅವಳ ಕಡೆ ಚಾಚಿದ.

"ನೀನು ಮಾತಾಡು ಕಣೇ. ನಂಗೆ ಕೇಳಿಸಲ್ಲ."

ಹೆಂಡತಿ ಆಶ್ಚರ್ಯಪಡಲಿಲ್ಲ. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಫೋನ್ ಕಿವಿಗಿಟ್ಟಳು. ಕೇಳಿದಳು, ಒಂದು ಪ್ರಶ್ನೆ ಹಾಕಿದಳು, ಮತ್ತೆ ಕೇಳಿದಳು. ಆಮೇಲೆ ಗಂಡನ ಭುಜ ಮುಟ್ಟಿ, ಅವನ ಮುಖಕ್ಕೆ ನೇರವಾಗಿ ನಿಂತು, ನಿಧಾನವಾಗಿ ಹೇಳಿದಳು. "ಟೀಚರ್ ಫೋನ್ ಮರೆತು ಸ್ಟಾಫ್ ರೂಮಲ್ಲೇ ಬಿಟ್ಟಿದ್ದಾರೆ. ಮಾತಾಡಿದ್ದು ಆಯಾ. ಅವರು ಈಗಷ್ಟೇ ಸೈಕಲ್ ಹತ್ತಿದ್ರಂತೆ. ಫೋನ್ ಕೊಡೋಕೆ ಆಯಾ ಗೇಟಿನವರೆಗೂ ಹೋಗಿ ಕೂಗಿದ್ಲಂತೆ, ತಿರುವು ದಾಟಿಬಿಟ್ಟಿದ್ದಾರೆ."

"ಅವರ ಕಾಲು ಬರಲ್ಲ" ಎಂದ ಡಾಕ್ಟರ. "ನಾನು ಗ್ರೀಸ್ ಹಾಕಿದೀನಿ. ಅವರು ಸಿಗ್ನಲ್‌ನಲ್ಲಿ ಬೀಳ್ತಾರೆ."

"ಇನ್ನು ಯಾರ್‍ಯಾರಿಗೆ ಹಾಕಿದೀರಾ?"

ಡಾಕ್ಟರ ಮೊಳೆಗೆ ಚುಚ್ಚಿದ್ದ ಗಿರಾಕಿಗಳ ಹೆಸರು, ನಂಬರಿನ ಚೀಟಿಗಳಲ್ಲಿ ಮೂರನ್ನು ಕಿತ್ತು ಮೆಷಿನ್ ಮೇಲಿಟ್ಟ.

"ಇವರಿಗೆಲ್ಲ ನಾನು ಫೋನ್ ಮಾಡ್ತೀನಿ. ನೀವು ಓಡಿ" ಎಂದಳು ಅವಳು. ಅವನು ಇನ್ನೂ ನಿಂತಿದ್ದನ್ನು ನೋಡಿ, "ನಂಗೆ ಐದು ತಿಂಗಳಿಂದ ಗೊತ್ತು ರೀ. ಭುಜ ಮುಟ್ಟದೆ ನಾನು ನಿಮ್ಮನ್ನ ಎಂದಾದ್ರೂ ಮಾತಾಡಿಸಿದೀನಾ? ಹೋಗಿ, ಹೋಗಿ" ಎಂದು ಬೆನ್ನಿಗೊಂದು ಗುದ್ದಿದಳು.

ಬಾಗಿಲಲ್ಲಿ ನಿಂತಿದ್ದುದು ಅವಳ ಬುಟ್ಟಿ ಸೈಕಲ್. ಬುಟ್ಟಿಯಲ್ಲಿದ್ದ ದಾರದ ಉಂಡೆ, ಬಟ್ಟೆಯ ಕಟ್ಟು ಸಮೇತ ಡಾಕ್ಟರ ಅದನ್ನು ಹತ್ತಿ ತುಳಿದ. ಸೀಟು ಗಿಡ್ಡ, ಮಂಡಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಬೇರೆ ದಿನವಾಗಿದ್ದರೆ ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವ ನೋಟ. ಅಂಗಡಿಯಿಂದ ಸಿಗ್ನಲ್ಲಿಗೆ ಎರಡು ತಿರುವು. ಮೊದಲ ತಿರುವಿನಲ್ಲಿ ಒಂದು ಸ್ಕೂಟರ್ ಅವನ ಮೊಣಕೈಯನ್ನು ಸವರಿಕೊಂಡು ಮುಂದೆ ಹೋಗಿ ನಿಂತಿತು. ಸವಾರ ತಿರುಗಿ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಥೇಟ್ ಆ ಗುಬ್ಬಚ್ಚಿ. ಅಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿದ್ದನೇನೋ. ಡಾಕ್ಟರನಿಗೆ ಆಗ ಇನ್ನೊಂದು ಹೆದರಿಕೆ ಹುಟ್ಟಿತು. ಟೀಚರಮ್ಮ ಈಗಾಗಲೇ ಬಿದ್ದು ಕೂಗುತ್ತಿದ್ದರೆ? ಜನ ಅಯ್ಯೋ ಎನ್ನುತ್ತಿದ್ದರೆ? ತನಗೆ ಅದು ಗೊತ್ತಾಗುವುದು ಹೋಗಿ ಕಣ್ಣಾರೆ ನೋಡಿದ ಮೇಲೇ.

ಎರಡನೇ ತಿರುವಿನಲ್ಲಿ ಅವನು ರಸ್ತೆ ನೋಡಲಿಲ್ಲ, ದೂರದ ಸಿಗ್ನಲ್ಲಿನ ಬುಡ ನೋಡಿದ. ಗುಂಪು ಸೇರಿದೆಯೇ? ಇಲ್ಲ. ಒಂದು ಲಾರಿ ನಿಂತಿತ್ತು, ಅದರ ಹಿಂದೆ ಎರಡು ಕಾರು. ದೀಪ ಕೆಂಪು. ಇಳಿಜಾರಿನ ಮೇಲ್ತುದಿಯಲ್ಲಿ ಹಳದಿ ಹೆಲ್ಮೆಟ್ ಕಂಡಿತು.

ಸೈಕಲನ್ನು ಚರಂಡಿ ಕಲ್ಲಿನ ಮೇಲೆ ಬಿಸಾಕಿ ಅವನು ಬೀದಿದೀಪದ ಕಂಬದ ಪಕ್ಕ ಫುಟ್‌ಪಾತ್ ಅಂಚಿಗೆ ಓಡಿದ, ಎರಡೂ ಕೈ ಎತ್ತಿ ಬೀಸಿದ. ಟೀಚರಮ್ಮ ಅವನನ್ನು ಕಂಡರು. ನಕ್ಕು ಒಂದು ಕೈ ಎತ್ತಿ ಬೀಸಿದರು. ಅಯ್ಯೋ, ಹ್ಯಾಂಡಲ್ ಹಿಡೀರಿ ತಾಯಿ!

"ಕಂಬ ಹಿಡೀರಿ! ಮೇಡಂ, ನಿಲ್ಲಬೇಡಿ, ಕಂಬ ಹಿಡೀರಿ! ಕಾಲು ಬರಲ್ಲ!"

ತನ್ನ ದನಿ ಎಷ್ಟು ಜೋರಾಗಿ ಬಂತೆಂದು ಅವನಿಗೇ ಗೊತ್ತಾಗಲಿಲ್ಲ. ಅವರು ಹುಬ್ಬು ಗಂಟಿಕ್ಕಿದರು. ಹಿಂದಿನಿಂದ ಇನ್ನೊಂದು ಲಾರಿ ಇಳಿಯುತ್ತಿತ್ತು. ಅದರ ಗುಡುಗು ಡಾಕ್ಟರನಿಗೆ ಅಂಗಾಲಿನಲ್ಲೇ ಗೊತ್ತಾಯಿತು. ಟೀಚರಮ್ಮ ಬ್ರೇಕ್ ಒತ್ತಿದರು, ಎಡಬದಿಗೆ ಬಂದರು, ಎಡ ಹಿಮ್ಮಡಿ ಹೊರಗೆ ತಿರುಗಿಸಿದರು. ನೂರು ಸಲ ಅವನೇ ಹೇಳಿಕೊಟ್ಟಿದ್ದ ಹಾಗೆ. ಶೂ ತಿರುಗಿತು, ಪಾದ ಅಡ್ಡವಾಯಿತು, ಪೆಡಲ್ ಬಿಡಲಿಲ್ಲ. ಅವರ ಮುಖದ ನಗು ಹೋದದ್ದನ್ನು ಡಾಕ್ಟರ ನೋಡಿದ. ಮತ್ತೆ ತಿರುಗಿಸಿದರು. ಗಾಬರಿಯಲ್ಲಿ ಬಲಗಾಲೂ ತಿರುಗಿಸಿದರು. ಸೈಕಲ್ ನಿಂತಿತು, ಒಂದು ಕ್ಷಣ ನೆಟ್ಟಗಿತ್ತು, ಆಮೇಲೆ ಬಲಕ್ಕೆ, ರಸ್ತೆಯ ಕಡೆಗೆ, ಲಾರಿಯ ಕಡೆಗೆ ವಾಲಿತು.

ಡಾಕ್ಟರ ರಸ್ತೆಗೆ ಇಳಿದು ಎರಡೂ ಕೈಯಿಂದ ಸಿಕ್ಕಿದ್ದನ್ನು ಹಿಡಿದ. ಒಂದು ಕೈಗೆ ಹ್ಯಾಂಡಲ್ ಸಿಕ್ಕಿತು, ಇನ್ನೊಂದಕ್ಕೆ ಅವರ ಬೆನ್ನಚೀಲದ ಪಟ್ಟಿ. ಹಲ್ಲು ಕಚ್ಚಿ ತನ್ನ ಕಡೆಗೆ ಎಳೆದುಕೊಂಡ. ಲಾರಿಯ ಗಾಲಿಗಳು ಒಂದಾದ ಮೇಲೊಂದು, ಒಂದಾದ ಮೇಲೊಂದು ಪಕ್ಕದಲ್ಲೇ ಉರುಳಿದವು. ಅವುಗಳ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಜಲ್ಲಿಯ ಪುಡಿ ಕಣ್ಣಿಗೆ ಬಿತ್ತು. ಟೀಚರಮ್ಮನ ಬಲ ಮೊಣಕೈಗೂ ಆ ಗಾಲಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಲಾರಿ ಮುಂದೆ ಹೋಗಿ ನಿಂತಿತು.

"ಅಲುಗಬೇಡಿ" ಎಂದ ಡಾಕ್ಟರ. "ನಾನು ಹಿಡ್ಕೊಂಡಿದೀನಿ. ಕಾಲು ತೆಗೆಯೋಕೆ ನೋಡಬೇಡಿ."

ಸೈಕಲನ್ನು ಅವರ ಸಮೇತ ಫುಟ್‌ಪಾತ್ ಅಂಚಿಗೆ ಒತ್ತಿ, ಅವರ ಎರಡೂ ಕೈಗಳನ್ನು ಕಂಬಕ್ಕೆ ಹಿಡಿಸಿದ. ಆಮೇಲೆ ಮಂಡಿಯೂರಿ ಕೂತು ಶೂಗಳ ಪಟ್ಟಿ ಬಿಚ್ಚಿದ. ಎಡ ಪಾದವನ್ನು ಶೂನಿಂದ ಎಳೆದು ತೆಗೆದ, ಆಮೇಲೆ ಬಲ. ಟೀಚರಮ್ಮ ಕಾಲುಚೀಲದಲ್ಲಿ ಫುಟ್‌ಪಾತಿನ ಮೇಲೆ ನಿಂತರು, ನಿಂತಲ್ಲೇ ಕುಸಿದು ಕೂತರು. ಎರಡೂ ಶೂಗಳು ಪೆಡಲಿಗೆ ಕಚ್ಚಿಕೊಂಡೇ ಉಳಿದವು.

ದೀಪ ಹಸಿರಾಯಿತು, ಲಾರಿಗಳು ಹೋದವು, ಮತ್ತೆ ಕೆಂಪಾಯಿತು. ಡಾಕ್ಟರನಿಗೆ ಏನೋ ಒಂದು ಸುಳ್ಳು ತುದಿನಾಲಿಗೆಗೆ ಬಂದಿತ್ತು, ಸ್ಕ್ರೂ ಕಂಪನಿಯದ್ದೇ ಕಳಪೆ ಅಂತಲೋ, ಪೆಡಲಿನ ಸ್ಪ್ರಿಂಗ್ ಹೋಗಿದೆ ಅಂತಲೋ. ಅವರ ಮೊಣಕೈಯ ಮೇಲೆ ಕೂತಿದ್ದ ಜಲ್ಲಿಯ ಬಿಳಿ ಪುಡಿ ನೋಡಿದ ಮೇಲೆ ಆ ಸುಳ್ಳು ಹೊರಗೆ ಬರಲಿಲ್ಲ.

"ಇದು ನನ್ನ ತಪ್ಪು ಮೇಡಂ. ಹಾಕಬಾರದ ಕಡೆ ಗ್ರೀಸ್ ಹಾಕಿದೆ. ನಿಮ್ಮ ಬಲಗಾಲಿನ ಕಿರ್ ಇದೆಯಲ್ಲ, ಅದು ನಂಗೆ ಒಂದು ಸಲಾನೂ ಕೇಳಿಸಿಲ್ಲ. ಕೇಳಿಸ್ತು ಅಂತ ಸುಳ್ಳು ಹೇಳಿದೆ. ಏಳು ತಿಂಗಳಾಯ್ತು, ನಂಗೆ ಕಿವಿ ಕೇಳಿಸ್ತಿಲ್ಲ."

ಟೀಚರಮ್ಮ ಅವನನ್ನು ನೋಡಿದರು. ಪೆಡಲಿನಲ್ಲಿದ್ದ ಶೂಗಳನ್ನು ನೋಡಿದರು. ತಲೆ ತಗ್ಗಿಸಿ ಏನೋ ಹೇಳಿದರು. ತುಟಿ ಅಲುಗಿದ್ದು ಅಷ್ಟಿಷ್ಟು ಕಂಡಿತು, ಮಾತು ಬರಲಿಲ್ಲ. ಏಳು ತಿಂಗಳ ಅಭ್ಯಾಸದಂತೆ ಹೂಂ ಎನ್ನಲು ಡಾಕ್ಟರನ ತಲೆ ತಾನಾಗಿ ಆಡಿತು. ಅವನು ಅದನ್ನು ಅಲ್ಲೇ ತಡೆದ.

"ಏನಂದ್ರಿ?"

ಟೀಚರಮ್ಮ ಕೈಯಾಡಿಸಿದರು. ಈ ಸಲ ಅವರ ತುಟಿಯ ಮೇಲೆ ಮಾತು ಸ್ಪಷ್ಟವಾಗಿ ಕಂಡಿತು. ಆ ಮಾತನ್ನು ಅವನು ಅಷ್ಟು ಸಲ ಹೇಳಿದ್ದ, ಯಾವ ತುಟಿಯ ಮೇಲಿದ್ದರೂ ಗುರುತಿಸಬಲ್ಲವನಾಗಿದ್ದ.

"ಏನಿಲ್ಲ ಬಿಡಿ."

"ಬಿಡಲ್ಲ" ಎಂದ ಡಾಕ್ಟರ. "ಬೈದಿದ್ರೂ ಪರವಾಗಿಲ್ಲ. ನನ್ನ ಮುಖ ನೋಡ್ಕೊಂಡು ಹೇಳಿ, ಜೋರಾಗಿ."

ಟೀಚರಮ್ಮ ಮುಖವೆತ್ತಿದರು. ಕಣ್ಣು ಒರೆಸಿಕೊಂಡರು. ಕೊನೆಯ ಬೆಂಚಿಗೂ ತಲುಪುವ ಕ್ಲಾಸಿನ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದರು.

"ಬೆಳಗಿಂದ ಒಂದು ಚೂರೂ ಸದ್ದಿರಲಿಲ್ಲ ಡಾಕ್ಟ್ರೇ. ಎಷ್ಟು ಖುಷಿಯಾಗಿತ್ತು ಗೊತ್ತಾ? ನೀವು ಕೈಬೀಸಿದಾಗ, ಇಳಿದು ಥ್ಯಾಂಕ್ಸ್ ಹೇಳೋಣ ಅಂತಲೇ ಬ್ರೇಕ್ ಹಿಡಿದೆ ಅಂದೆ."

ಡಾಕ್ಟರನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಅವನು ಅವರ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ.